ನೋಡಿದ್ದಕ್ಕೆ ಎಷ್ಟು?

(ಕಲ್ಯಾಣಪುರದ ಸಂತೆಕಟ್ಟೆಯ ಒಂದು ಮೊಬೈಲ್ ರಿಪೇರಿ ಅಂಗಡಿ. ಮಾತಾಡುವವರು ನಿವೃತ್ತ ವಿಜ್ಞಾನದ ಮಾಸ್ಟ್ರು ಮತ್ತು ಅವರ ಕೈಯಲ್ಲೇ ಕಲಿತ ಅಂಗಡಿಯವ.)

ಮಾಸ್ಟ್ರು: ಇದೊಂದು ಸ್ವಲ್ಪ ನೋಡು ಮಾರಾಯ. ಮೊಮ್ಮಗನ ಆಟದ ಸೆಟ್ಟು. ಮಗಳು ದುಬೈಯಿಂದ ಬರುವಾಗ ತಂದುಕೊಟ್ಟದ್ದು. ಎಸ್ಸೆಸ್ಸೆಲ್ಸಿ ಅಂತ ಹೋದ ವರ್ಷ ಕಪಾಟಿಗೆ ಸೇರಿತು. ಈಗ ಪರೀಕ್ಷೆ ಮುಗಿಯಿತು, ತೆಗೆದರೆ ಜೀವವೇ ಇಲ್ಲ. ವಾರಂಟಿ ಕಾರ್ಡು ಪೆಟ್ಟಿಗೆಯಲ್ಲೇ ಉಂಟು, ಅವಧಿ ಮುಗಿದಿದೆ ಅಷ್ಟೇ.

ಅಂಗಡಿಯವ: ಓ, ಸ್ವಿಚ್. ಇದರ ವಾರಂಟಿ ಮುಗಿದದ್ದು ದುಬೈಯಲ್ಲಿ ಸರ್. ಇಲ್ಲಿ ಅದು ಶುರುವೇ ಆಗಿರಲಿಲ್ಲ. ನಿಂಟೆಂಡೊದವರು ಇದನ್ನು ಹೊರತಂದದ್ದು 2017ರ ಮಾರ್ಚ್‌ನಲ್ಲಿ. ಭಾರತದಲ್ಲಿ ಅಧಿಕೃತವಾಗಿ ಮಾರಲೇ ಇಲ್ಲ. ಮಾರದ ಮೇಲೆ ಸರ್ವಿಸ್ ಸೆಂಟರ್ ಎಲ್ಲಿಂದ ಬರಬೇಕು? ನನ್ನ ಬೆಂಚಿಗೆ ಬರುವ ಸ್ವಿಚ್‌ಗಳೆಲ್ಲ ಗಲ್ಫಿನ ಸೂಟ್‌ಕೇಸಿನಲ್ಲಿ ಬಂದವು, ಇಲ್ಲವಾದರೆ ಮುಂಬೈ, ಬೆಂಗಳೂರಿನ ಆಮದು ಅಂಗಡಿಗಳಲ್ಲಿ ಕೊಂಡವು. ಅಂಥ ಅಂಗಡಿಯವರು ಒಂದು ಚೀಟಿ ಕೊಡುತ್ತಾರೆ. ಅದು ಅವರ ಸ್ವಂತ ವಾರಂಟಿ, ಕಂಪನಿಗೆ ಅದರ ಸುದ್ದಿಯೂ ಗೊತ್ತಿರುವುದಿಲ್ಲ.

ಮಾಸ್ಟ್ರು: ಹಾಗಾದರೆ ಹೋಗುವುದು ಯಾರ ಹತ್ತಿರ?

ಅಂಗಡಿಯವ: ಮಗಳು ವಾಪಸು ಹೋಗುವಾಗ ಅವರ ಬ್ಯಾಗಿಗೆ ಹಾಕಬಹುದು. ಬೆಂಗಳೂರಿನ ಎಸ್.ಪಿ. ರೋಡಿಗೆ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಬಹುದು. ಅಲ್ಲಿ ಬೇಕಾದ ಪಾರ್ಟೆಲ್ಲ ಸಿಗುತ್ತದೆ, ಆದರೆ ಬಿಚ್ಚುವಾಗ ನೀವು ಎದುರಿಗೆ ಇರುವುದಿಲ್ಲ. ಅದೆರಡೂ ಬೇಡ ಎಂದರೆ ನಾನಿದ್ದೇನೆ. ನನ್ನ ಹೊಟ್ಟೆಪಾಡು ಮೊಬೈಲಿನದ್ದು. ಇವು ಅಪರೂಪಕ್ಕೆ ಬರುತ್ತವೆ, ಹೆಚ್ಚಿನವು ಮಣಿಪಾಲದ ಹಾಸ್ಟೆಲ್ ಹುಡುಗರದ್ದು.

ಮಾಸ್ಟ್ರು: ಬ್ಯಾಟರಿ ಹೋಗಿರಬೇಕು. ಹೊಸದು ಹಾಕಿಬಿಡು. ಎಷ್ಟಾಗುತ್ತದೆ ಹೇಳು.

ಅಂಗಡಿಯವ: ನೋಡದೆ ಹೇಳ್ಲಿಕ್ಕೆ ಬರುವುದಿಲ್ಲ ಸರ್. ನೋಡಿದ್ದಕ್ಕೆ ನಾನೂರು ರೂಪಾಯಿ. ಸರಿಯಾದರೂ ನಾನೂರು, ಆಗದಿದ್ದರೂ ನಾನೂರು. ಪಾರ್ಟು ಹಾಕಿದರೆ ಅದರ ಬೆಲೆ ಬೇರೆ.

ಮಾಸ್ಟ್ರು: ನೋಡಿದ್ದಕ್ಕೂ ದುಡ್ಡಾ? ಈ ರಸ್ತೆಯಲ್ಲಿ ಬೇರೆ ಯಾರೂ ಹಾಗೆ ಕೇಳುವುದು ನಾನು ಕಂಡಿಲ್ಲ.

ಅಂಗಡಿಯವ: ಕೇಳುವುದಿಲ್ಲ, ಪಾರ್ಟಿನಲ್ಲಿ ಸೇರಿಸುತ್ತಾರೆ. ನೋಡುವುದು ಪುಕ್ಕಟೆ ಎಂದಾದರೆ ಎಂತ ಆಗುತ್ತದೆ ಯೋಚಿಸಿ. ಒಂದು ಗಂಟೆ ಕೂತು ಹುಡುಕಿದವ ಏನಾದರೂ ಹಾಕಿಯೇ ತನ್ನ ಕೂಲಿ ಎಬ್ಬಿಸಬೇಕು. ಪಿನ್ನು ತೊಳೆದರೆ ಸಾಕಿದ್ದ ಸೆಟ್ಟಿಗೆ ಬ್ಯಾಟರಿ ಬೀಳುತ್ತದೆ. ಬ್ಯಾಟರಿ ಸಾಕಿದ್ದದ್ದಕ್ಕೆ ಐಸಿ ಹೋಗಿದೆ ಎನ್ನುತ್ತಾರೆ. ಹಾಗೆ ಮಾಡುವವರೆಲ್ಲ ಕಳ್ಳರು ಅಂತ ನಾನು ಹೇಳುವುದಿಲ್ಲ. ಲೆಕ್ಕವೇ ಅವರನ್ನು ಅಲ್ಲಿಗೆ ದೂಡುತ್ತದೆ.

ಮಾಸ್ಟ್ರು: ಡಾಕ್ಟ್ರಿಗಾದರೆ ತುಟಿ ಬಿಚ್ಚದೆ ಫೀಸು ಕೊಡುತ್ತೇವೆ, ಅದು ಸರಿ. ಆದರೆ ಗಿರಾಕಿಗೆ ಒಂದು ಸಂಶಯ ಇದ್ದೇ ಇರುತ್ತದೆ. ಸುಮ್ಮನೆ ಬಿಚ್ಚಿ, ಮುಚ್ಚಿ, ‘ಬೋರ್ಡು ಹೋಗಿದೆ’ ಎಂದು ನಾನೂರು ತೆಗೆದುಕೊಂಡರೆ?

ಅಂಗಡಿಯವ: ಅದಕ್ಕೇ ನಿಮ್ಮ ಎದುರಿಗೇ ನೋಡುವುದು. ಕೂತುಕೊಳ್ಳಿ. ಚಾರ್ಜರು ಇದರದ್ದೇ ತಂದಿದ್ದೀರಲ್ಲ, ಬಚಾವು. ಅರ್ಧ ಜನ ಮೊಬೈಲಿನ ಚಾರ್ಜರು ಹಿಡಿದುಕೊಂಡು ಬರುತ್ತಾರೆ. ಇದು 15 ವೋಲ್ಟಿನವರೆಗೆ ಕೊಡುವ ಚಾರ್ಜರು. ಚಾರ್ಜರಿಗೂ ಸೆಟ್ಟಿಗೂ ನಡುವೆ ಈ ಸಣ್ಣ ಮೀಟರು ಹಾಕುತ್ತೇನೆ. ನೋಡಿ, ಮೀಟರು ಹೊತ್ತುವುದೇ ಇಲ್ಲ.

ಮಾಸ್ಟ್ರು: ಚಾರ್ಜರೇ ಸತ್ತಿದೆಯೋ ಏನೋ?

ಅಂಗಡಿಯವ: ಈಗ ಪ್ಲಗ್ಗು ತಿರುಗಿಸಿ ಹಾಕುವ. ಕಂಡಿತಾ? 5 ವೋಲ್ಟು. ಸ್ವಲ್ಪ ಕರೆಂಟು ಎಳೆಯುತ್ತಾ ಉಂಟು.

ಮಾಸ್ಟ್ರು: ಅರೆ! ಎರಡು ಬದಿಯೂ ಒಂದೇ ಎಂದು ಅಲ್ವಾ ಈ ಪ್ಲಗ್ಗಿನ ಹೆಚ್ಚುಗಾರಿಕೆ?

ಅಂಗಡಿಯವ: ನಮ್ಮ ಕೈಗೆ ಒಂದೇ, ಒಳಗೆ ಅಲ್ಲ. ಯುಎಸ್‌ಬಿ ಸಿ ಪೋರ್ಟಿನಲ್ಲಿ ಒಟ್ಟು 24 ಪಿನ್ನು. ಅದರಲ್ಲಿ ಎರಡು, ಬದಿಗೊಂದರಂತೆ, ‘ಇಲ್ಲಿ ಒಂದು ಸೆಟ್ಟು ಉಂಟು, ಕರೆಂಟು ಬಿಡು’ ಎಂದು ಚಾರ್ಜರಿಗೆ ತಿಳಿಸಲಿಕ್ಕೆ ಇರುವವು. ಆ ಪಿನ್ನು ಮುಟ್ಟದಿದ್ದರೆ ಚಾರ್ಜರು ಕರೆಂಟೇ ಬಿಡುವುದಿಲ್ಲ. ಒಂದು ಬದಿ ಸತ್ತು ಇನ್ನೊಂದು ಬದಿ ಬದುಕಿದ್ದರೆ ತಪ್ಪು ಹೆಚ್ಚಾಗಿ ಪೋರ್ಟಿನಲ್ಲೇ. ಮನೆಯಲ್ಲಿ ನೀವು ಹಾಕಿ ನೋಡಿದ್ದು ಸತ್ತ ಬದಿ ಇರಬೇಕು.

ಮಾಸ್ಟ್ರು: ಹಾಗಾದರೆ ಬ್ಯಾಟರಿ ಹಾಕಿಸಿದ್ದರೆ ದುಡ್ಡು ಹೊಳೆಗೆ.

ಅಂಗಡಿಯವ: ಹೊಳೆಗೇ ಅಂತ ಅಲ್ಲ. ಹೊಸ ಬ್ಯಾಟರಿಯಲ್ಲಿ ಅಂಗಡಿಯಿಂದಲೇ ಒಂದಿಷ್ಟು ಚಾರ್ಜು ಇರುತ್ತದೆ, ಸೆಟ್ಟು ಹೊತ್ತುತ್ತಿತ್ತು. ನೀವು ಖುಷಿಯಲ್ಲಿ ದುಡ್ಡು ಕೊಟ್ಟು ಮನೆಗೆ ಹೋಗುತ್ತಿದ್ದಿರಿ. ಎರಡು ದಿನ ಆಡಿದ ಮೇಲೆ ಪುನಃ ಇದೇ ಕಥೆ. ಈಗ ಈ ಮೈಕ್ರೋಸ್ಕೋಪಿನಲ್ಲಿ ಪೋರ್ಟಿನ ಒಳಗೆ ನೋಡಿ ಸರ್, ನಿಮಗೆ ಅಭ್ಯಾಸ ಉಂಟಲ್ಲ.

ಮಾಸ್ಟ್ರು: ಹಸಿರು ಕಿಲುಬು. ತಾಮ್ರದ ಹಂಡೆಗೆ ಹಿಡಿಯುವಂಥದ್ದು. ಪಕ್ಕದಲ್ಲಿ ಕಂದು ಪುಡಿ ಎಂತದು?

ಅಂಗಡಿಯವ: ನೀವೇ ಹೇಳಬೇಕು.

ಮಾಸ್ಟ್ರು: ತೌಡು! ಕುಚ್ಚಲಕ್ಕಿಯ ತೌಡು. ‘ಥಂಡಿ ಹಿಡಿದಿರಬೇಕು’ ಎಂದು ಇವಳು ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದಳು.

ಅಂಗಡಿಯವ: ಎಲ್ಲ ಮನೆಯಲ್ಲೂ ಇದೇ ಮದ್ದು. ಅಕ್ಕಿ ನೀರು ಎಳೆಯುವುದಕ್ಕಿಂತ ಹೆಚ್ಚು ಪುಡಿ ಬಿಡುತ್ತದೆ. ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆಪಲ್‌ನವರೇ 2024ರಲ್ಲಿ ತಮ್ಮ ಸೂಚನೆಯಲ್ಲಿ ಬರೆದರು. ಆದರೆ ಕಿಲುಬು ಅಕ್ಕಿಯದ್ದಲ್ಲ, ನಮ್ಮ ಊರಿನದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ, ಒಂದು ಕಡೆ ಸ್ವರ್ಣಾ ಹೊಳೆ, ಪಡುವಿನಲ್ಲಿ ಕಡಲು. ಉಪ್ಪುಗಾಳಿ ಕಪಾಟಿನ ಬಾಗಿಲು ಕೇಳಿ ಬರುತ್ತದಾ? ಬಳಸುತ್ತಾ ಇದ್ದರೆ ಸೆಟ್ಟು ಬಿಸಿಯಾಗಿ ಸ್ವಲ್ಪ ಒಣಗಿಕೊಳ್ಳುತ್ತದೆ. ಮಳೆಗಾಲ ಪೂರ್ತಿ ಮುಚ್ಚಿಟ್ಟದ್ದಕ್ಕೆ ಹೀಗೆ.

ಮಾಸ್ಟ್ರು: ಹಿಂದೆ ಬಿಚ್ಚಲೇಬೇಕಾ? ಕಂಪನಿಯವರು ಒಪ್ಪುತ್ತಾರಾ?

ಅಂಗಡಿಯವ: ಒಪ್ಪಿಗೆ ಕೇಳಲಿಕ್ಕೆ ಕಂಪನಿ ಇಲ್ಲಿ ಇಲ್ಲವಲ್ಲ. ಬ್ಯಾಟರಿ ಉಬ್ಬಿದೆಯಾ ನೋಡದೆ ಚಾರ್ಜಿಗೆ ಬಿಡಲಿಕ್ಕೆ ನನಗೆ ಧೈರ್ಯ ಇಲ್ಲ. ಹಿಂಬದಿಯ ಈ ನಾಲ್ಕು ಸ್ಕ್ರೂ ನೋಡಿ, ತಲೆಯಲ್ಲಿ ಮೂರು ರೆಕ್ಕೆ. ಪ್ಲಸ್ ತಲೆಯ ಡ್ರೈವರು ಹಾಕಿ ಒತ್ತಿದವರು ಸ್ಕ್ರೂವಿನ ತಲೆ ಸವೆಸಿ ತರುತ್ತಾರೆ. ಆಮೇಲೆ ಅದನ್ನು ತೆಗೆಯುವುದೇ ಒಂದು ರಿಪೇರಿ.

ಮಾಸ್ಟ್ರು: ಬಿಚ್ಚಿದರೆ ವಾರಂಟಿ ರದ್ದು ಎಂಬ ಸ್ಟಿಕ್ಕರಿನ ಬಗ್ಗೆ ನಾನು ಓದಿದ್ದೆ. 2018ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ನಿಂಟೆಂಡೊ, ಸೋನಿ, ಮೈಕ್ರೋಸಾಫ್ಟ್ ಮೂರೂ ಅದರಲ್ಲಿದ್ದವು. ನಮ್ಮದೇ ಪಾರ್ಟು, ನಮ್ಮದೇ ರಿಪೇರಿ, ಇಲ್ಲವಾದರೆ ವಾರಂಟಿ ಇಲ್ಲ ಎನ್ನುವುದು ಅಲ್ಲಿನ 1975ರ ಕಾನೂನಿಗೆ ವಿರುದ್ಧ ಎಂದು.

ಅಂಗಡಿಯವ: ಅಮೆರಿಕದವನಿಗೆ ಕಳೆದುಕೊಳ್ಳಲಿಕ್ಕೆ ವಾರಂಟಿ ಉಂಟು, ಹಾಗಾಗಿ ಅದು ಅವನಿಗೆ ಜಗಳ. ಇಲ್ಲಿ ನೋಡಿ, ಬ್ಯಾಟರಿ ಚಪ್ಪಟೆಯಾಗಿಯೇ ಉಂಟು, ಉಬ್ಬಿಲ್ಲ. 4310 ಮಿಲಿಆಂಪಿಯರ್ ಅವರ್. ಎಂಟುನೂರು ಸಲ ಚಾರ್ಜ್ ಮಾಡಿದ ಮೇಲೂ ನೂರಕ್ಕೆ ಎಂಬತ್ತರಷ್ಟು ಉಳಿಯುತ್ತದೆ ಎಂದು ಕಂಪನಿಯ ಲೆಕ್ಕ. ಬಳಸದೆ ಇಟ್ಟರೂ ಆರು ತಿಂಗಳಿಗೆ ಒಮ್ಮೆ ಚಾರ್ಜ್ ಮಾಡಿ ಎಂದೂ ಅವರೇ ಹೇಳಿದ್ದಾರೆ. ಅದನ್ನು ಯಾರೂ ಓದುವುದಿಲ್ಲ.

ಮಾಸ್ಟ್ರು: ಒಂದು ವೇಳೆ ಬೋರ್ಡೇ ಹೋಗಿದ್ದರೆ? ಬೇರೆ ಬೋರ್ಡು ಹಾಕಬಹುದಿತ್ತಾ?

ಅಂಗಡಿಯವ: ಹಾಕಬಹುದಿತ್ತು, ಆದರೆ ಮೊಮ್ಮಗ ನಿಮ್ಮ ಮೇಲೆ ಮುನಿಯುತ್ತಿದ್ದ. ಆಟ ಎಲ್ಲಿಯವರೆಗೆ ಮುಟ್ಟಿದೆ ಎನ್ನುವ ದಾಖಲೆ ಇರುವುದು ಒಳಗಿನ ಮೆಮೊರಿಯಲ್ಲಿ. ಆ ಮೆಮೊರಿ ಬೇರೆಯೇ ಸಣ್ಣ ಬೋರ್ಡಿನಲ್ಲಿ ಕೂತಿದೆ, ತೆಗೆದು ಇನ್ನೊಂದು ಸ್ವಿಚ್‌ಗೆ ಹಾಕಲಿಕ್ಕೂ ಆಗುತ್ತದೆ. ಆದರೆ ಅದರ ಬೀಗದ ಕೈ ಈ ಪ್ರೊಸೆಸರಿನ ಒಳಗೆ. ಬೇರೆ ಪ್ರೊಸೆಸರಿಗೆ ಅದು ಓದಲಿಕ್ಕೆ ಸಿಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಪ್ರತಿ ಇಡಬೇಕಾದರೆ ಚಂದಾ ಕಟ್ಟಿರಬೇಕು. ನೀವು ಬೆಲೆ ಕೇಳಿದಿರಿ. ಹುಡುಗರು ಬಂದರೆ ಮೊದಲು ಕೇಳುವುದು, ‘ಅಣ್ಣ, ಸೇವ್ ಉಳಿಯುತ್ತದಾ?’ ಅಂತ.

ಮಾಸ್ಟ್ರು: ಇವನೂ ಅದನ್ನೇ ಕೇಳಿ ಬಾ ಎಂದಿದ್ದ, ನನಗೆ ಅರ್ಥ ಆಗಿರಲಿಲ್ಲ. ಅಂದರೆ ಬೋರ್ಡು ಬದಲಿಸುವವನಿಗಿಂತ ಇದೇ ಬೋರ್ಡನ್ನು ಎಬ್ಬಿಸುವವ ಬೇಕು.

ಅಂಗಡಿಯವ: ಹೌದು. ವಾರಂಟಿ ಇದ್ದರೆ ಹೊಸ ಬೋರ್ಡೋ ಹೊಸ ಸೆಟ್ಟೋ ಕೈಗೆ ಬರುತ್ತದೆ. ಕಂಪನಿಗೆ ಅದೇ ಅಗ್ಗ. ಇಡೀ ಬೋರ್ಡಿನಲ್ಲಿ ಕೆಟ್ಟ ಒಂದು ಐಸಿಯನ್ನು ಹುಡುಕಿ ಕೂರಿಸುವ ಕೆಲಸ ಹೊರಗಿನವರದ್ದು. 2018ರಲ್ಲಿ ಒಂದು ಅಪ್‌ಡೇಟ್ ಆದ ಮೇಲೆ ಟಿವಿಗೆ ಜೋಡಿಸುವ ಬೇರೆ ಕಂಪನಿಗಳ ಅಗ್ಗದ ಡಾಕ್‌ಗೆ ಹಾಕಿದ ಸ್ವಿಚ್‌ಗಳು ಸಾಯಲಿಕ್ಕೆ ಶುರುವಾದವು, ಎಂ92ಟಿ36 ಎಂಬ ಚಾರ್ಜಿಂಗ್ ಐಸಿ ಸುಟ್ಟು. ಆ ಐಸಿಯ ಹೆಸರು ಜಗತ್ತಿಗೆಲ್ಲ ಬಾಯಿಪಾಠ ಆದದ್ದು ಬೆಂಚಿನ ಮೇಲೆ ಕೂತವರು ಒಬ್ಬರಿಗೊಬ್ಬರು ಹೇಳಿಕೊಂಡದ್ದರಿಂದ. ಈಗ ಪಿನ್ನು ತೊಳೆಯುತ್ತೇನೆ. ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತಗಿನ ಬ್ರಶ್ಶು. ಆಗಾಗ ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು, ಪಿನ್ನಿನ ಮೇಲಿನ ಚಿನ್ನದ ಲೇಪ ಏಳದ ಹಾಗೆ. ಬ್ಲೇಡಿನಲ್ಲಿ ಕೆರೆದರೆ ಐದೇ ನಿಮಿಷ, ಆದರೆ ಮುಂದಿನ ಮಳೆಗಾಲಕ್ಕೆ ಪುನಃ ಬರುತ್ತೀರಿ.

ಮಾಸ್ಟ್ರು: ಕೆಲಸ ಮಾಡುತ್ತಾ ಹೇಳು. ಈ ಯಂತ್ರದ ಕೋಲು ತನ್ನಷ್ಟಕ್ಕೇ ಓಡುವ ಕಾಯಿಲೆ ಒಂದು ಉಂಟಂತಲ್ಲ?

ಅಂಗಡಿಯವ: ಡ್ರಿಫ್ಟ್. ಸ್ವಿಚ್ ಎಂದರೆ ಎಲ್ಲರ ಬಾಯಲ್ಲೂ ಅದೇ. ಕೋಲಿನ ಅಡಿಯಲ್ಲಿ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಲೋಹದ ಎಸಳು. ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುವುದಿಲ್ಲವಾ, ಅದೇ ಜಾತಿ. ಪಟ್ಟಿ ಸವೆಯುತ್ತದೆ, ಧೂಳು ಸೇರುತ್ತದೆ, ಬೆರಳು ತೆಗೆದರೂ ಆಟದೊಳಗಿನ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ 2020ರ ಜೂನಿನಲ್ಲಿ ಇದರಿಂದಾದ ತೊಂದರೆಗೆ ಕ್ಷಮೆ ಕೇಳಿದರು. 2023ರಿಂದ ಯುರೋಪಿನಲ್ಲಿ ವಾರಂಟಿ ಮುಗಿದಿದ್ದರೂ ಪುಕ್ಕಟೆ ರಿಪೇರಿ. ನಮಗೆ ಅದು ಇಲ್ಲ. ಕೋಲು ಬದಲಿಸಲಿಕ್ಕೆ ಪಾರ್ಟಿಗೆ ಕೆಲವು ನೂರು ರೂಪಾಯಿ. ಕಷ್ಟ ಇರುವುದು ಒಳಗಿನ ಪಟ್ಟಿ ವೈರಿನ ಲಾಕಿನಲ್ಲಿ. ಉಗುರಿನ ತುದಿಯಷ್ಟೂ ಇಲ್ಲದ ಪ್ಲಾಸ್ಟಿಕ್, ಒಮ್ಮೆ ಮುರಿದರೆ ಸಾವಿರದ ಕೆಲಸ. ಅಯಸ್ಕಾಂತದಿಂದ ನಡೆಯುವ ಹಾಲ್ ಸೆನ್ಸರಿನ ಕೋಲು ಈಗ ಬೇರೆ ಕಂಪನಿಯವರದ್ದು ಸಿಗುತ್ತದೆ. ಉಜ್ಜುವುದೇ ಇಲ್ಲ, ಹಾಗಾಗಿ ಆ ಸವೆತವೂ ಇಲ್ಲ. ನಾನಾದರೆ ಅದನ್ನೇ ಹಾಕಿಸಿ ಎನ್ನುತ್ತೇನೆ. ಹಾಂ, ಪಿನ್ನು ತೊಳೆದಾಯಿತು. ಬದುಕಿದ್ದ ಬದಿಯಲ್ಲೇ ಪುನಃ ಚಾರ್ಜಿಗೆ ಹಾಕಿದ್ದೇನೆ.

ಮಾಸ್ಟ್ರು: ತೊಂಬತ್ತರ ದಶಕದಲ್ಲಿ ಬ್ರಿಕ್ ಗೇಮ್ ಎಂದು ಬರುತ್ತಿತ್ತು, ನೆನಪುಂಟಾ? ‘9999 ಆಟ’ ಎಂದು ಮೈಮೇಲೆ ಬರೆದಿರುತ್ತಿತ್ತು. ಇದ್ದದ್ದು ಹತ್ತೋ ಹನ್ನೆರಡೋ. ನೀನು ಕ್ಲಾಸಿನಲ್ಲಿ ಡೆಸ್ಕಿನ ಅಡಿ ಇಟ್ಟುಕೊಂಡು ಸಿಕ್ಕಿಬಿದ್ದಿದ್ದೆ.

ಅಂಗಡಿಯವ: ನೀವು ಕಿತ್ತುಕೊಂಡು ವರ್ಷದ ಕೊನೆಗೆ ವಾಪಸು ಕೊಟ್ಟಿರಿ. ಸೆಲ್ಲು ಸೋರಿ ಸ್ಪ್ರಿಂಗು ತುಕ್ಕು ಹಿಡಿದಿತ್ತು. ಮರಳು ಕಾಗದದಲ್ಲಿ ತಿಕ್ಕಿದೆ, ಸರಿಯಾಯಿತು. ಸಾದಾ ಸ್ಕ್ರೂ, ಎರಡು ಪೆನ್ಸಿಲ್ ಸೆಲ್ಲು, ರಬ್ಬರಿನ ಬಟನ್ನು. ಪರದೆಯಲ್ಲಿ ಗೆರೆ ಮಾಯವಾದರೆ ರಬ್ಬರಿನ ಪಟ್ಟಿ ಒರೆಸಿ ಒತ್ತಿ ಕೂರಿಸುವುದು. ವಾರಂಟಿ ಎಂಬ ಮಾತನ್ನೇ ಯಾರೂ ಎತ್ತಲಿಲ್ಲ. ಆಮೇಲೆ ಸೋನಿಯ ಪಿಎಸ್‌ಪಿ ಬಂತು. ಜಪಾನಿನಲ್ಲಿ 2004ರ ಡಿಸೆಂಬರಿನಲ್ಲಿ ಶುರು, 2014ಕ್ಕೆ ಮುಗಿಯಿತು. ಇದನ್ನು ಇಲ್ಲಿಯೂ ಅಧಿಕೃತವಾಗಿ ಮಾರಿದರು, ವಾರಂಟಿಯೂ ಇತ್ತು. ಈಗ ಉಬ್ಬಿದ ಬ್ಯಾಟರಿ ಹಿಡಿದುಕೊಂಡು ಬರುತ್ತಾರೆ. ಅಸಲಿ ಬ್ಯಾಟರಿ ಮಾಡುವುದು ನಿಂತೇ ಹೋಗಿದೆ. ಸಿಗುವುದೆಲ್ಲ ನಕಲು, ಮೇಲೆ ಬರೆದ ಸಂಖ್ಯೆ ಮಾತ್ರ ದೊಡ್ಡದು. ವಾರಂಟಿ ಇದ್ದ ಪಿಎಸ್‌ಪಿ, ಇಲ್ಲದ ಸ್ವಿಚ್, ಕೊನೆಗೆ ಎರಡೂ ಒಂದೇ ಬೆಂಚಿಗೆ.

ಮಾಸ್ಟ್ರು: ನಮ್ಮ ಸರಕಾರವೂ ಏನೋ ಮಾಡುತ್ತಾ ಉಂಟಲ್ಲ. 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗೆ ಒಂದು ಸಮಿತಿ, ಅದೇ ವರ್ಷ ಡಿಸೆಂಬರ್ 24ರ ಗ್ರಾಹಕ ದಿನಕ್ಕೆ ಒಂದು ಪೋರ್ಟಲ್. ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ವಸ್ತು, ವಾಹನ, ಕೃಷಿ ಯಂತ್ರ ಎಂದು ನಾಲ್ಕು ವಿಭಾಗ. ಎಷ್ಟು ಸುಲಭದಲ್ಲಿ ರಿಪೇರಿ ಆಗುತ್ತದೆ ಎಂದು ಅಂಕ ಕೊಟ್ಟು ಪೆಟ್ಟಿಗೆಯ ಮೇಲೆ ತೋರಿಸಬೇಕು ಎನ್ನುವ ವರದಿಯೂ 2025ರ ಮೇಯಲ್ಲಿ ಸಲ್ಲಿಕೆಯಾಯಿತು.

ಅಂಗಡಿಯವ: ಪೋರ್ಟಲಿನಲ್ಲಿ ಕಂಪನಿಯ ಸರ್ವಿಸ್ ಸೆಂಟರಿನ ವಿಳಾಸ ಸಿಗುತ್ತದೆ ಸರ್. ನನಗೆ ಬೇಕಾದದ್ದು ಪಾರ್ಟು ಮತ್ತು ಬೋರ್ಡಿನ ನಕ್ಷೆ.

ಮಾಸ್ಟ್ರು: ಕಾರಿನ ವಿಷಯದಲ್ಲಿ ಆ ವಾದ ಗೆದ್ದಿತ್ತು. ಹೊರಗಿನ ಗ್ಯಾರೇಜಿಗೆ ಬಿಡಿಭಾಗ, ಉಪಕರಣ ಕೊಡದೆ ಕಟ್ಟಿಹಾಕಿದ್ದಕ್ಕೆ 14 ಕಾರು ಕಂಪನಿಗಳಿಗೆ ಸ್ಪರ್ಧಾ ಆಯೋಗ 2014ರಲ್ಲಿ 2,544 ಕೋಟಿ ರೂಪಾಯಿ ದಂಡ ಹಾಕಿತ್ತು.

ಅಂಗಡಿಯವ: ಅವರೆಲ್ಲ ಇಲ್ಲಿ ಕಾರು ಮಾರುತ್ತಿದ್ದರು, ಹಿಡಿಯಲಿಕ್ಕೆ ಸಿಕ್ಕಿದರು. ಇಲ್ಲಿ ಮಾರದ ಕಂಪನಿಗೆ ಯಾವ ಆಯೋಗ ನೋಟಿಸು ಕಳಿಸುತ್ತದೆ?

ಮಾಸ್ಟ್ರು: ಕಂಪನಿ ಸಿಗದಿರಬಹುದು, ಮಾರಿದ ಅಂಗಡಿ ಸಿಗುತ್ತದೆ, ಬಿಲ್ಲು ಇದ್ದರೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೆಹಲಿಯಿಂದ ತರಿಸಿದ್ದಾದರೂ ಉಡುಪಿಯಲ್ಲೇ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅಂಗಡಿಯ ಚೀಟಿಯಲ್ಲಿ ವಾರಂಟಿ ಎಂದು ಬರೆದು ಮತ್ತೆ ಕೈ ಎತ್ತಿದರೆ ಅದು ಸೇವೆಯಲ್ಲಿನ ಕೊರತೆ.

ಅಂಗಡಿಯವ: ಬಿಲ್ಲು ಕೇಳಿದರೆ ಬೆಲೆ ಏರುತ್ತದೆ ಎಂದು ಹುಡುಗರು ಬಿಲ್ಲೇ ತೆಗೆದುಕೊಳ್ಳುವುದಿಲ್ಲ. ಕೊಳ್ಳುವಾಗಲೇ ನೋಡಬೇಕಾದ್ದು ಇನ್ನೂ ಒಂದುಂಟು. ಇಂಥದ್ದೇ ಆಟದ ಸೆಟ್ಟು, ವಾಲ್ವ್ ಕಂಪನಿಯ ಸ್ಟೀಮ್ ಡೆಕ್, 2022ರಲ್ಲಿ ಬಂತು. ಅದನ್ನೂ ಇಲ್ಲಿ ಅಧಿಕೃತವಾಗಿ ಮಾರಲಿಲ್ಲ. ಆದರೆ ರಿಪೇರಿಯ ಪಾರ್ಟು, ಮಾಹಿತಿ ಕೊಡುವ ಐಫಿಕ್ಸಿಟ್‌ನವರ ಮೂಲಕ ಪಾರ್ಟು ಮಾರುತ್ತಾರೆ, ಬಿಚ್ಚುವ ಕ್ರಮ ಫೋಟೋ ಸಮೇತ ಎಲ್ಲರಿಗೂ ಸಿಗುತ್ತದೆ. ಸ್ವಿಚ್ 2 ಬಂದದ್ದು 2025ರ ಜೂನಿನಲ್ಲಿ. ಅದೇ ಐಫಿಕ್ಸಿಟ್ ಅದನ್ನು ಬಿಚ್ಚಿ ನೋಡಿ ಹತ್ತರಲ್ಲಿ ಮೂರು ಅಂಕ ಕೊಟ್ಟಿತು. ಬ್ಯಾಟರಿಗೆ ಗಟ್ಟಿ ಅಂಟು, ಕೋಲು ಪುನಃ ಉಜ್ಜುವ ಜಾತಿಯದ್ದೇ. ಏಸುಸ್‌ನ ಆರ್‌ಒಜಿ ಅಲೈ 2023ರಲ್ಲಿ ಭಾರತದಲ್ಲೇ ಬಿಡುಗಡೆಯಾಯಿತು, ಅದಕ್ಕೆ ಕೇಳಲಿಕ್ಕೆ ಬಾಗಿಲಾದರೂ ಉಂಟು. ಅದೂ ಎಷ್ಟು ದಿನ? ವಾರಂಟಿ ಇರುವಷ್ಟು ದಿನ.

ಮಾಸ್ಟ್ರು: ಮೀಟರು ನೋಡು, ಏನೋ ಬದಲಾಯಿತು.

ಅಂಗಡಿಯವ: 15! ಏರಿತು. ಚಾರ್ಜಿಂಗ್ ಐಸಿ ಬದುಕಿದೆ. ಪೂರ್ತಿ ಇಳಿದ ಬ್ಯಾಟರಿ 5 ವೋಲ್ಟಿನಲ್ಲಿ ಸ್ವಲ್ಪ ಹೊತ್ತು ಕುಡಿದ ಮೇಲೆಯೇ ಮೇಲೆ ಹೋಗುವುದು. ಮನೆಯಲ್ಲಿ ಹತ್ತು ನಿಮಿಷ ಹಾಕಿ ತೆಗೆದಿರುತ್ತೀರಿ. ಈಗ ಪ್ಲಗ್ಗು ತಿರುಗಿಸಿ ಹಾಕುವ. ಆ ಬದಿಯೂ ಬಂತು. ಇನ್ನು ಹೊತ್ತಿಸಿ ನೋಡಿ, ಮೊಮ್ಮಗನ ಹೆಸರು, ಆಟ ಎಲ್ಲ ಹಾಗೇ ಉಂಟಾ?

ಮಾಸ್ಟ್ರು: ಉಂಟು, ಉಂಟು. ಒಂದೂ ಪಾರ್ಟು ಹಾಕಲಿಲ್ಲವಲ್ಲ ನೀನು!

ಅಂಗಡಿಯವ: ಇಲ್ಲಿಯೇ ತಕರಾರು ಶುರುವಾಗುವುದು ಸರ್. ಎರಡೂವರೆ ಸಾವಿರದ ಬ್ಯಾಟರಿ ಹಾಕಿದ್ದರೆ ಗಿರಾಕಿ ಚೌಕಾಸಿ ಮಾಡಿ ಆದರೂ ಕೊಟ್ಟು ಹೋಗುತ್ತಾನೆ. ಏನೂ ಹಾಕದೆ ಸರಿಮಾಡಿದರೆ ‘ಬರೀ ತೊಳೆದದ್ದಕ್ಕೆ ನಾನೂರಾ?’ ಎನ್ನುತ್ತಾನೆ. ಪಾರ್ಟಿನ ಮೇಲೆ ಲಾಭ ಇಡುವವನಿಗೆ ಬೇಡದ ಪಾರ್ಟು ಹಾಕುವ ಆಸೆ, ಕೊಡುವವನಿಗೆ ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಕೊಡುವ ಅಭ್ಯಾಸ. ಇವೆರಡು ಸೇರಿ ಈ ಕಸುಬಿನ ಹೆಸರು ಕೆಡಿಸಿದ್ದು. ಒಳ್ಳೆಯ ಕೆಲಸಗಾರರು ಬೋರ್ಡು ಬಿಟ್ಟು ಸ್ಕ್ರೀನ್‌ಗಾರ್ಡು, ಕವರು ಮಾರುವುದಕ್ಕೆ ಇಳಿದಿದ್ದಾರೆ. ಅದರಲ್ಲಿ ಜಗಳ ಇಲ್ಲ.

ಮಾಸ್ಟ್ರು: ನಾನು ಜಗಳಕ್ಕೆ ಬರುವುದಿಲ್ಲ. ಬ್ಯಾಟರಿ ಹಾಕು ಎಂದು ಬಾಯಿಬಿಟ್ಟು ಕೇಳಿದ ಮೇಲೂ ನೀನು ಹಾಕಲಿಲ್ಲ, ನಾನೂರಕ್ಕೆ ಅದೇ ಜಾಸ್ತಿ. ಆದರೆ ಒಂದು ಷರತ್ತು. ಬಿಲ್ಲಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆ: ಪರೀಕ್ಷೆ ಮತ್ತು ಪೋರ್ಟು ಶುಚಿ, ಪಾರ್ಟು ಹಾಕಿಲ್ಲ. ಬಾಗಿಲ ಬಳಿ ಒಂದು ಬೋರ್ಡೂ ಹಾಕು. ನೋಡಿದ್ದಕ್ಕೆ ಇಷ್ಟು, ಗಿರಾಕಿಯ ಎದುರಿಗೇ ಬಿಚ್ಚುತ್ತೇವೆ, ತೆಗೆದ ಹಳೆಯ ಪಾರ್ಟು ವಾಪಸು ಕೊಡುತ್ತೇವೆ ಎಂದು. ಒಳಗೆ ಬಂದ ಮೇಲೆ ಕೇಳಿದರೆ ಸುಲಿಗೆಯ ಹಾಗೆ ಕಾಣುತ್ತದೆ, ಹೊರಗೇ ಬರೆದಿದ್ದರೆ ದರ.

ಅಂಗಡಿಯವ: ಬರೆಸುತ್ತೇನೆ ಸರ್. ಅಕ್ಷರ ನೀವೇ ತಿದ್ದಿಕೊಡಿ.

ಮಾಸ್ಟ್ರು: ಇದಕ್ಕೆ ಎಷ್ಟು ತಿಂಗಳ ಗ್ಯಾರಂಟಿ?

ಅಂಗಡಿಯವ: ಹಾಕಿದ ಪಾರ್ಟಿಗೆ ಗ್ಯಾರಂಟಿ ಕೊಡುತ್ತೇನೆ, ತೊಳೆದ ಪಿನ್ನಿಗೆ ಕೊಡುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರಗೆ ತೆಗೆದು ಚಾರ್ಜಿಗೆ ಹಾಕಿ, ಒಂದು ಗಂಟೆ ಹುಡುಗ ಆಡಲಿ. ಅಕ್ಕಿ ಡಬ್ಬಿಗೆ ಮಾತ್ರ ಹಾಕಬೇಡಿ.